ನಮ್ಮ ವಾರಗಿತ್ತಿ ಎಷ್ಟು ಸಿಸಿ ತಗೊಂಡಳು

ಗುಟ್ಟು ಅನ್ನೋದು ನಮ್ಮ ಮನೆಯಲ್ಲಿ ಅನ್ನ ಬೇಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ನಿಲ್ಲಿಸಬೇಕು ಅಂತ ಎಲ್ಲರೂ ಸೇರಿ ಒದ್ದಾಡುತ್ತೇವಲ್ಲ, ಆಗ ಏನಾದರೊಂದು ನಡೆದೇ ನಡೆಯುತ್ತದೆ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಅದಕ್ಕಿಂತ ಚೆನ್ನಾಗಿದೆ.

ವಾರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಕೋಡಿಹಳ್ಳಿ ಕಡೆಯ ನಮ್ಮೂರ ಡೈರಿಯಲ್ಲಿ ಹಾಲು ಅಳೆಯುವುದು, ಫ್ಯಾಟು ನೋಡುವುದು ಅವಳ ಕೆಲಸ. ಹುಡುಗಿಯಾಗಿದ್ದಾಗ ಕಬಡ್ಡಿ ಆಡಿದ ಮೈಕಟ್ಟು. ಅವಳಿಮಕ್ಕಳಿಗೆ ಹಾಲು ಕುಡಿಸಿ, ಆಮೇಲೆ ಇನ್ನೊಂದಕ್ಕೂ ಕುಡಿಸಿ, ಸಕ್ಕರೆ ಕಾಯಿಲೆ ಬರಬಾರದು ಅಂತ ನಡೆದೂ ನಡೆದೂ ತೂಕ ಇಳಿಸಿದಳು. ತೂಕದ ಜೊತೆಗೆ ಇಳಿಯಬಾರದ್ದೂ ಇಳಿಯಿತು. ಚನ್ನಪಟ್ಟಣದ ಒಂದು ಮದುವೆಯಲ್ಲಿ ಫೋಟೋ ತೆಗೆಸಿಕೊಳ್ಳದೆ ಕಂಬದ ಹಿಂದೆ ನಿಂತಿದ್ದಳು. ನಾನು ಎಳೆದರೆ, "ಬುಡಕ್ಕ, ಖಾಲಿ ಚೀಲ ನೇತಾಕ್ಕಂಡಂಗೈತೆ. ಸೆರಗು ಸರಿ ಮಾಡದ್ರಲ್ಲೇ ನನ್ ಜನ್ಮ ಕಳೀತು," ಅಂದಳು. ಒಂದು ತಿಂಗಳು ಯೋಚಿಸಿ, ತನ್ನ ರೇಷ್ಮೆಗೂಡಿನ ದುಡ್ಡಲ್ಲೇ ಆಪರೇಷನ್ ಮಾಡಿಸಿಕೊಳ್ಳುವುದು ಅಂತ ತೀರ್ಮಾನಿಸಿದಳು. ಎದೆ ಎತ್ತಿ ಕಟ್ಟಿಸುವುದು, ಜೊತೆಗೆ ಒಳಗೆ ಒಂದಿಷ್ಟು ತುಂಬಿಸುವುದು. ಮೈದುನನನ್ನು ಕೇಳಿದಾಗ, "ಮೈ ನಿಂದು, ನಿಂಗೆಂಗ್ ಬೇಕೋ ಹಂಗೆ," ಅಂದವನೇ ಕೆಂಪಗಾಗಿ ತೋಟಕ್ಕೆ ನೀರು ಬಿಡಲು ಹೋದ. ಅವತ್ತು ಕರೆಂಟೇ ಇರಲಿಲ್ಲ.

ಅವಳಿಗೆ ಇದ್ದದ್ದು ಎರಡೇ ಹಟ. ಅಳತೆ ತಾನೇ ಆರಿಸಬೇಕು. ಊರಿಗೆ, ಮುಖ್ಯವಾಗಿ ಅತ್ತೆಗೆ, ಗೊತ್ತಾಗಬಾರದು. ಇಷ್ಟು ಬುದ್ಧಿವಂತೆ ಗುಟ್ಟು ಕಾಯಲು ಆರಿಸಿಕೊಂಡದ್ದು ನನ್ನನ್ನು.

ಒತ್ತಿ ನೋಡುವ ಅಂಗಡಿ

ಬೆಂಗಳೂರಿನ ಆಸ್ಪತ್ರೆಗೆ ಇಬ್ಬರೇ ಹೋದೆವು. ಡಾಕ್ಟರು ಹೆಣ್ಣುಮಗಳು. ಮೇಜಿನ ಮೇಲೆ ಮೆತ್ತನೆಯ ಸಿಲಿಕೋನ್ ಸ್ಯಾಂಪಲ್ಲುಗಳನ್ನು ಸಾಲಾಗಿ ಜೋಡಿಸಿ, "ಕೈಯಲ್ಲಿ ಹಿಡಿದು ನೋಡಿ," ಅಂದರು.

ನಾವು ಮಾವಿನ ಸೀಮೆಯವರು. ರಾಮನಗರದ ಮಂಡಿಯಲ್ಲಿ ಹಣ್ಣು ಆರಿಸಿ ಬೆಳೆದ ಕೈ ಸುಮ್ಮನಿರುತ್ತದೆಯೇ? ವಾರಗಿತ್ತಿ ಒಂದೊಂದನ್ನೂ ಎತ್ತಿ, ಅಂಗೈಯಲ್ಲಿ ತೂಗಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಅಭ್ಯಾಸಬಲದಿಂದ ಮೂಗಿನ ಹತ್ತಿರಕ್ಕೂ ತಂದಳು. ನರ್ಸು, "ಮೇಡಂ, ಮೂಸಬೇಡಿ," ಅಂದಳು.

"ಇದರಲ್ಲಿ ಬಾದಾಮಿ ಯಾವುದು, ರಸಪುರಿ ಯಾವುದು?" ಅಂದೆ ನಾನು.

ಡಾಕ್ಟರು ನಗಲಿಲ್ಲ. "ಇದು ಗುಂಡನೆಯದು. ಇದು ಹನಿಯ ಆಕಾರದ್ದು, ಕೆಳಗೆ ಸ್ವಲ್ಪ ಉಬ್ಬು."

"ಓ, ತೋತಾಪುರಿ."

ಈಗ ನಕ್ಕರು. ಆ ಹೊತ್ತಿಗೆ ವಾರಗಿತ್ತಿ ಸಾಲಿನ ಕೊನೆಯ ದೊಡ್ಡದನ್ನು ಹಿಡಿದುಕೊಂಡಾಗಿತ್ತು. ಮುನ್ನೂರೈವತ್ತು ಸಿಸಿ, ನಮ್ಮ ಡೈರಿ ಲೆಕ್ಕದಲ್ಲಿ ಮುನ್ನೂರೈವತ್ತು ಎಂಎಲ್. "ಒಂದೇ ಸಲ ಮಾಡುಸ್ಕಳೋದು ಮೇಡಂ. ಒಸಿ ದೊಡ್ಡದೇ ಇರ್ಲಿ. ಮಕ್ಕಳ ಯೂನಿಫಾರ್ಮು ತಗೋವಾಗ ತಗೋತೀವಲ್ಲ, ಹಂಗೆ."

"ಯೂನಿಫಾರ್ಮಿಗೆ ಮಕ್ಕಳು ಬೆಳೀತಾರಮ್ಮ. ಇಲ್ಲಿ ಬೆಳೆಯೋರು ಯಾರೂ ಇಲ್ಲ," ಅಂದ ಡಾಕ್ಟರು ಬಿಡಿಸಿ ಹೇಳಿದರು. ಎತ್ತಿ ಕಟ್ಟುವಾಗ ಸಡಿಲ ಚರ್ಮ ತೆಗೆದು ಬಿಗಿ ಮಾಡುತ್ತಾರೆ. ಇರುವುದೇ ಮೇಲೆ ಬಂದು ತುಂಬಿದ ಹಾಗೆ ಕಾಣುತ್ತದೆ. ಅದರೊಳಗೆ ದೊಡ್ಡದನ್ನು ತುರುಕಿದರೆ ಹೊಲಿಗೆ ಎಳೆಯುತ್ತದೆ, ಭಾರಕ್ಕೆ ಮತ್ತೆ ಇಳಿಯುತ್ತದೆ. "ಬರೀ ತುಂಬಿಸೋದಕ್ಕೆ ಒಂದು ಅಳತೆ. ಎತ್ತಿ ತುಂಬಿಸೋದಕ್ಕೆ ಬೇರೆ ಅಳತೆ. ಮನೇಲಿ ಬಟ್ಟೆ ಚೀಲದಲ್ಲಿ ಅಕ್ಕಿ ಅಳೆದು ಹಾಕ್ಕೊಂಡು ಒಂದು ದಿನ ಓಡಾಡಿ ನೋಡಿ. ಭಾರ ಹೇಗಿರುತ್ತೆ ಅಂತಾದರೂ ಅಂದಾಜು ಸಿಗುತ್ತೆ."

ಬಾಗಿಲ ತನಕ ಬಂದ ವಾರಗಿತ್ತಿ ಏನೋ ಮುಖ್ಯವಾದದ್ದು ಮರೆತವಳಂತೆ ತಿರುಗಿದಳು. "ಮೇಡಂ, ನೀವು ಹೇಳಿದ ರೇಟು ಜೋಡಿಗಾ, ಬಿಡಿನಾ?"

"ಇಲ್ಲಿವರೆಗೂ ಯಾರೂ ಒಂದೇ ಕೇಳಿಲ್ಲಮ್ಮ," ಅಂದರು ಡಾಕ್ಟರು.

ರಾಗಿ ಪರೀಕ್ಷೆ

ಅಕ್ಕಿ ಅಂದಿದ್ದರು. ನಮ್ಮ ಮನೆಯಲ್ಲಿ ಕೈಗೆ ಮೊದಲು ಸಿಗುವುದು ರಾಗಿ. ಡೈರಿಯ ಅಳತೆ ಜಾಡಿಯಲ್ಲಿ ಮುನ್ನೂರೈವತ್ತರಂತೆ ಎರಡು ಸಲ ಅಳೆದು, ಅವಳಿಮಕ್ಕಳ ಸ್ಕೂಲ್ ಸಾಕ್ಸಿನಲ್ಲಿ ತುಂಬಿ, ಬಾಯಿ ಕಟ್ಟಿಕೊಟ್ಟವಳು ನಾನು. ಬಲಗಡೆಯ ಸಾಕ್ಸಿಗೆ ಹೆಬ್ಬೆರಳ ಹತ್ತಿರ ತೂತಿತ್ತು. ನನಗೆ ಕಂಡಿರಲಿಲ್ಲ ಅಂತ ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ.

ವಾರಗಿತ್ತಿ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಶಾಲು ಹೊದ್ದು ಬೆಳಗಿನ ಹಾಲಿಗೆ ಡೈರಿಗೆ ಹೊರಟಳು. ಒಳ್ಳೆ ಗತ್ತಿನ ನಡಿಗೆ. ಬೀದಿ ತಿರುವಿನಲ್ಲಿ ಒಂದು ಹೇಂಟೆ ಹಿಂದೆ ಬಿತ್ತು. ಅದರ ಹಿಂದೆ ಮರಿಗಳು. ಅವುಗಳ ಹಿಂದೆ ಪಕ್ಕದ ಮನೆಯ ಹುಂಜ. ಅವಳು ಕ್ಯಾನು ಬಗ್ಗಿಸಿದಾಗಲೆಲ್ಲ ಸೀರೆಯ ನೆರಿಗೆಯಿಂದ ರಾಗಿ ಸುರಿಯುತ್ತಿತ್ತು, ಕೋಳಿಗಳು ಕಾಲ ಬುಡದಲ್ಲಿ ಕುಕ್ಕುತ್ತಿದ್ದವು. ಹಾಲು ಹಾಕಲು ಬಂದವರು ದಾರಿ ಬಿಟ್ಟು ನಿಂತರು. ವಾಪಸು ಬರುವಾಗ ಅದು ಮೆರವಣಿಗೆಯೇ ಆಗಿತ್ತು.

ಜಗುಲಿ ಮೇಲಿದ್ದ ಅತ್ತೆ ಕೇಳಿದರು. "ಏನಮ್ಮಿ ಇದು, ಕೋಳಿಗೆಲ್ಲ ನಿನ್ ಮೇಲೆ ಇಷ್ಟೊಂದು ಭಕ್ತಿ?"

"ನನ್ ಕೈಗುಣ ಅತ್ತೆ," ಅಂದಳು ಇವಳು, ಮುಖದ ಮೇಲೆ ಒಂದು ಗೆರೆಯೂ ಅಲುಗದ ಹಾಗೆ. ನಾನಾಗಿದ್ದರೆ ಅಲ್ಲೇ ನಕ್ಕು ಎಲ್ಲ ಹಾಳು ಮಾಡುತ್ತಿದ್ದೆ.

ಕೋಣೆಗೆ ಬಂದ ಮೇಲೆ ನನ್ನ ಮೇಲೆ ಹಾರಿಬೀಳುತ್ತಾಳೆ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ. ಅವಳು ಯೋಚನೆಯಲ್ಲಿದ್ದಳು. "ಅಕ್ಕ, ತುಂಬಿರೋ ಎಡಗಡೆ ಕತ್ತು ಎಳೀತಾ ಐತೆ. ಸೋರಿರೋ ಕಡೆ ಹಿತವಾಗೈತೆ." ಸೋರಿದ ಸಾಕ್ಸಿನಲ್ಲಿ ಉಳಿದದ್ದನ್ನು ಅಳೆದೆವು. ಇನ್ನೂರರ ಆಸುಪಾಸು. ಮುನ್ನೂರೈವತ್ತರಲ್ಲಿ ನೂರೈವತ್ತು ಜಾಸ್ತಿ ಅಂತ ಮೊದಲು ಕಂಡುಹಿಡಿದದ್ದು ನಮ್ಮ ಕೋಳಿಗಳು.

ನಮ್ಮೆಜಮಾನರ ಸಲಹೆ

ಆದರೂ ಅವಳ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಒಂದು ಸಂಜೆ ಹಿತ್ತಲಲ್ಲಿ ಕೂತು ನಾವಿಬ್ಬರೂ ಅದೇ ಮಾತಾಡುತ್ತಿದ್ದೆವು. "ಇನ್ನೂರು ಸಿಸಿ ಸಾಕು ಅಂತೀಯಾ ಅಕ್ಕ? ಮುನ್ನೂರೈವತ್ತೇ ತಗಂಡ್ರೆ ಒಂದು ಗತ್ತಿರ್ತಿತ್ತು."

ನನ್ನ ಯಜಮಾನರು ಬಿಡದಿ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಆಗಷ್ಟೇ ಬಂದು ಮುಖ ತೊಳೆಯುತ್ತಿದ್ದರು. ವಾರಗಿತ್ತಿಗೆ ಅವರು ಭಾವ, ಅವರ ಮುಂದೆ ಅವಳು ಗಟ್ಟಿಯಾಗಿ ಮಾತೂ ಆಡುವುದಿಲ್ಲ. ಸಿಸಿ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು. ಮೋಟಾರ್ ಬೈಕಿನ ವಿಷಯ ಬಂದರೆ ಅವರನ್ನು ದೇವರೂ ತಡೆಯಲಾರ.

"ಮುನ್ನೂರೈವತ್ತು ಬ್ಯಾಡ ಕಣಮ್ಮ," ಅಂದರು.

ವಾರಗಿತ್ತಿ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

"ನಿನ್ ಮೈಕಟ್ಟಿಗೆ ಅದು ಭಾರ ಆಯ್ತದೆ. ಮೊದ್ಲು ಚಂದ ಕಾಣ್ತದೆ, ಆಮೇಲೆ ಸೊಂಟ ನೋವು. ನಮ್ ದೊಡ್ಡಆಲಹಳ್ಳಿ ರೋಡಲ್ಲಿ ಹಳ್ಳದಲ್ಲಿ ಇಳಿದು ಎದ್ದು ಇಳಿದು ಎದ್ದು, ಎರಡೇ ವರ್ಷಕ್ಕೆ ಸಸ್ಪೆನ್ಷನ್ ಕುಸಿದು ಕೂತ್ಕತದೆ. ಇನ್ನೂರರೊಳಗೆ ತಗೋ. ಕಂಟ್ರೋಲಲ್ಲಿರ್ತದೆ, ನೋಡೋರಿಗೂ ಡೀಸೆಂಟು."

ವಾರಗಿತ್ತಿ ತಲೆ ಬಗ್ಗಿಸಿ, ನೆಲಕ್ಕೆ ಹೇಳುವಂತೆ, "ಹೂಂ ಭಾವ," ಅಂದಳು.

ಉತ್ಸಾಹ ಬಂತು ಅವರಿಗೆ. "ಸೆಕೆಂಡ್ ಹ್ಯಾಂಡ್ ಮಾತ್ರ ಬ್ಯಾಡ. ಮತ್ತೆ, ತಂದ ದಿನ ನಂಗೆ ಹೇಳು. ನಾನೇ ಒಂದು ರೌಂಡ್ ನೋಡಿ ಎಲ್ಲ ಸರಿಯಾಗೈತಾ ಅಂತ ಹೇಳ್ತೀನಿ."

ವಾರಗಿತ್ತಿ ಎದ್ದು ಕೊಟ್ಟಿಗೆಗೆ ಓಡಿದಳು. ನಾನು ಅಲ್ಲಿಯವರೆಗೆ ಬಾಯಿಗೆ ಸೆರಗು ತುರುಕಿಕೊಂಡು ತಡೆದಿದ್ದವಳು ಹೇಳಿದೆ. "ಅದನ್ನ ಅವಳ ಗಂಡ ನೋಡ್ಕೊಳ್ತಾನೆ. ನೀವು ಒಳಗೋಗಿ ಕಾಫಿ ಕುಡೀರಿ."

ಕೆಚ್ಚಲ ಲೆಕ್ಕ

ಎರಡನೇ ಸಲ ಹೋದಾಗ ಡಾಕ್ಟರು ಕೇಳಿದರು. "ಈಗಲೂ ದೊಡ್ಡದೇ ಬೇಕಾ?"

ನಾನು ನಡುವೆ ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ವಾರಗಿತ್ತಿ ನೆಟ್ಟಗೆ ಕೂತು ತಾನೇ ಶುರು ಮಾಡಿದಳು. "ಬ್ಯಾಡ ಮೇಡಂ. ನಾನು ಹಸು ವ್ಯಾಪಾರ ಬಲ್ಲೋಳು. ಸಂತೇಲಿ ಜೋತಾಡೋ ದೊಡ್ಡ ಕೆಚ್ಚಲು ನೋಡಿ ಮರುಳಾಗಿ ಹಸು ಹೊಡ್ಕಬರೋನು ಹೊಸಬ. ನಾವು ನೋಡೋದು ಕೆಚ್ಚಲು ಎಷ್ಟು ಮೇಲೆ ಅಂಟ್ಕಂಡೈತೆ ಅಂತ. ನೀವು ಅವತ್ತು ಹೇಳಿದ್ದೂ ಅದೇ ಅಲ್ವಾ? ನಂಗೆ ನೇತಾಡೋದು ನಿಲ್ಬೇಕು. ಮೇಲ್ಗಡೆ ಖಾಲಿ ಕಾಣೋದಕ್ಕೆ ಎಷ್ಟು ಬೇಕೋ ಅಷ್ಟೇ ತುಂಬ್ಸಿ. ನಾನು ಕನ್ನಡಿ ನೋಡ್ಕಂಡಾಗ ನಾನೇ ಕಾಣ್ಬೇಕು, ಬೇರೆ ಯಾರೋ ಬಂದು ನಿಂತಂಗೆ ಇರ್ಬಾರ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. ನಿಜ ಹೇಳುತ್ತೇನೆ, ಮನೆಗೆ ಸೊಸೆಯಾಗಿ ಬಂದಾಗಿನಿಂದ ಇವಳನ್ನು ಗೋಳು ಹೊಯ್ದುಕೊಂಡವಳು ನಾನು, ಅವತ್ತು ಇವಳು ನಮ್ಮನೆಯವಳು ಅಂತ ಆ ನರ್ಸಿಗೆ ಎರಡು ಸಲ ಹೇಳಿದೆ. ಯಾರು ಅಂತ ಅವಳು ಕೇಳಿಯೇ ಇರಲಿಲ್ಲ.

ಇನ್ನೂರರ ಆಸುಪಾಸು ಅಂತ ಮಾತಾಯಿತು. ಎತ್ತಿ ಕಟ್ಟಿದ ಮೇಲೆ ಆಪರೇಷನ್ ಟೇಬಲ್ಲಿನ ಮೇಲೆಯೇ ಅಳತೆ ಇಟ್ಟು ನೋಡಿ, ಹತ್ತಿಪ್ಪತ್ತು ಹೆಚ್ಚುಕಮ್ಮಿ ಮಾಡುತ್ತೇನೆ ಅಂದರು. ಆಮೇಲೆ ಬೆನ್ನು ತಟ್ಟಿ, "ಈ ಹಸುವಿನ ಮಾತು ನಾನು ಬೇರೆ ಪೇಷಂಟುಗಳಿಗೂ ಹೇಳಬಹುದಾ?" ಅಂತ ಕೇಳಿದರು.

"ಹೇಳಿ ಮೇಡಂ. ಆದ್ರೆ ಬೆಂಗಳೂರೋರಿಗೆ ಹೇಳೋವಾಗ ಒಸಿ ದೂರ ಕೂತ್ಕಂಡು ಹೇಳಿ."

ಬೆನ್ನುನೋವು

ಆಪರೇಷನ್ ಚೆನ್ನಾಗಿ ಆಯಿತು. ಭಾರ ಎತ್ತಬಾರದು, ಕೈ ಮೇಲೆತ್ತಬಾರದು, ಕೆಲವು ವಾರ ಅಂಗಾತವೇ ಮಲಗಬೇಕು ಅಂತ ಹೇಳಿ ಕಳಿಸಿದರು. ಊರಿಗೆ ಏನಾದರೂ ಹೇಳಬೇಕಲ್ಲ. "ಬೆನ್ನಿನ ಆಪರೇಷನ್ ಅನ್ನು ಅಕ್ಕ, ಅಷ್ಟೇ ಸಾಕು," ಅಂದಿದ್ದಳು ಅವಳು. ಅಷ್ಟೇ ಹೇಳಿ ಸುಮ್ಮನಾಗಲು ನನಗೇನು ಕಾಯಿಲೆಯೇ? ಮೂಳೆ ಸವೆದಿತ್ತು, ಡಿಸ್ಕು ಜಾರಿತ್ತು, ಎರಡು ಸ್ಕ್ರೂ ಹಾಕಿ ಬಿಗಿ ಮಾಡಿದ್ದಾರೆ, ವಿದೇಶದ ಸ್ಕ್ರೂ, ತುಕ್ಕು ಹಿಡಿಯಲ್ಲ ಅಂತೆಲ್ಲ ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಬ್ರೆಡ್ಡು, ಕಿತ್ತಳೆ ಹಿಡಿದು ಹೆಂಗಸರೆಲ್ಲ ನೋಡಲು ಬಂದರು. ಬೆನ್ನು ಗೂನು ಮಾಡಿಕೊಂಡು ಸೆರಗಿನೊಳಗೆ ಮುದುರಿಕೊಂಡಿರುತ್ತಿದ್ದವಳು ಸಡಿಲ ನೈಟಿ ಮೇಲೆ ಶಾಲು ಹೊದ್ದು, ಮಂಚದ ಮೇಲೆ ಕಂಬದಂತೆ ನೆಟ್ಟಗೆ ಕೂತಿದ್ದಳು. ಎಲ್ಲರಿಗೂ ಬೆರಗು. "ಏನ್ ಬೆನ್ನೇ ನಿಂದು. ಅಳತೆಗೋಲು ಇಟ್ಟಂಗೈತೆ," ಅಂದರು. ಕಬಡ್ಡಿ ಆಡುತ್ತಿದ್ದಾಗಿನ ಮುಖ ವಾಪಸು ಬಂದಿತ್ತು ಅವಳಿಗೆ. ನನಗೂ ಕಣ್ಣು ತುಂಬಿತು. ಸ್ಕ್ರೂವಿನ ಗುಣ ಅಂದೆ.

ಆಗ ಎದುರುಮನೆ ಅಕ್ಕ ಮುಂದಕ್ಕೆ ಬಂದಳು. ಅವಳದು ನಿಜವಾದ ಬೆನ್ನುನೋವು, ಕುರಿ ಹಿಂದೆ ತಿರುಗಿ ತಿರುಗಿ ಬಂದದ್ದು. "ನಾಳೆ ಮಾಗಡಿಯಿಂದ ಕುರಿ ವ್ಯಾಪಾರದೋನು ಬತ್ತಾನೆ. ಇರೋ ಕುರಿ ಎಲ್ಲ ಕೊಟ್ಬುಟ್ಟು ನಾನೂ ಆ ಡಾಕ್ಟ್ರ ತಾವ್ಲೇ ಹೋಗದೇ ಸೈ. ಎರಡಲ್ಲ, ನಾಲ್ಕು ಸ್ಕ್ರೂ ಹಾಕಿಸ್ಕತೀನಿ."

ವಾರಗಿತ್ತಿ ನನ್ನ ಕಡೆ ನೋಡಿದಳು. ಜೀವನದಲ್ಲಿ ಮೊದಲ ಸಲ ನನ್ನ ಹತ್ತಿರ ಮುಂದಿನ ಸುಳ್ಳು ತಯಾರಿರಲಿಲ್ಲ. ಮೂಲೆಯಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ವಾರಗಿತ್ತಿ ಅವರ ಕಡೆಯೂ ಒಂದು ಸಲ ನೋಡಿದಳು. ಕೈಯಲ್ಲಿದ್ದ ಕಿತ್ತಳೆ ಕೆಳಗಿಟ್ಟಳು.

"ಅಕ್ಕ, ಕುರಿ ಮಾರ್ಬ್ಯಾಡ. ನಂಗಾಗಿರೋದು ಬೆನ್ನಿನ ಆಪರೇಷನ್ ಅಲ್ಲ. ಮುಂದ್ಗಡೇದು. ಇಳಿದೋಗಿತ್ತು, ಎತ್ತಿ ಕಟ್ಟಿಸ್ಕಂಡೆ, ಒಸಿ ತುಂಬಿಸ್ಕಂಡೆ. ನಂಗೆ ಬೇಕು ಅನ್ನಿಸ್ತು, ನನ್ ದುಡ್ಡಲ್ಲಿ ಮಾಡಿಸ್ಕಂಡೆ. ನಿನ್ ಬೆನ್ನಿಗೆ ಮೂಳೆ ಡಾಕ್ಟ್ರೇ ಬೇಕು. ನಾನೇ ಕರ್ಕಂಡೋಯ್ತೀನಿ."

ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅತ್ತೆ ಕೈಲಿದ್ದ ಅವರೆಕಾಯಿ ಸುಲಿದು, ಕಾಳು ಬುಟ್ಟಿಗೆ, ಸಿಪ್ಪೆ ಮೊರಕ್ಕೆ ಹಾಕಿದರು.

"ಅದು ನಂಗೆ ಅವತ್ತೇ ಗೊತ್ತು. ಬೆನ್ನು ಕೊಯ್ಸ್ಕಂಡೋಳು ಯಾರಾದ್ರೂ ಹಗಲೂ ರಾತ್ರಿ ಬೆನ್ನ ಮೇಲೇ ಬಿದ್ಕಂಡಿರ್ತಾಳೇನ್ರೇ?" ಅಂದರು. ಆಮೇಲೆ ವಾರಗಿತ್ತಿಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಚೆನ್ನಾಗಿ ಮಾಡವ್ರೆ ಆ ಡಾಕ್ಟ್ರು. ಅತಿ ಮಾಡಿಲ್ಲ," ಅಂದರು.

ವಾರಗಿತ್ತಿ ಅಳುತ್ತಾ ನಗುತ್ತಾ ಕೇಳಿದಳು. "ಗೊತ್ತಿದ್ರೂ ಯಾಕೆ ಸುಮ್ಕಿದ್ರಿ ಅತ್ತೆ?"

ಅತ್ತೆ ನನ್ನ ಕಡೆ ಬೆರಳು ತೋರಿಸಿದರು. "ಇವ್ಳು ಊರೆಲ್ಲ ಹೇಳ್ಕಂಡ್ ಬಂದ್ಲಲ್ಲ, ಆ ಎರಡು ಸ್ಕ್ರೂ ಎಲ್ಲಿ ಹಾಕವ್ರೆ ಅಂತ ಯೋಚ್ನೆ ಮಾಡ್ತಿದ್ದೆ."