ಬಸ್ಸು ನಿಲ್ಲಿಸುವ ವಿದ್ಯೆ

"ನೀನು ಕಾಲೇಜಿಗೆ ಯಾಕೆ ಬಂದೆ?" ಎಂದು ಇಂಗ್ಲಿಷ್ ಮೇಷ್ಟ್ರು ಕೇಳಿದಾಗ ಸಣ್ಣತಿಮ್ಮಯ್ಯ ನಿಜ ಹೇಳಿಬಿಟ್ಟ. ತೊಂದರೆ ಶುರುವಾದದ್ದು ಅಲ್ಲಿಂದ.

ಪಿಯುಸಿಯ ಮೊದಲ ವಾರ. ಅವನಿಗಿಂತ ಮುಂಚೆ ಎದ್ದು ನಿಂತವರೆಲ್ಲ ದೇಶಸೇವೆಗೆ, ಡಾಕ್ಟರಾಗುವುದಕ್ಕೆ, ಜ್ಞಾನ ಸಂಪಾದನೆಗೆ ಬಂದಿದ್ದರು. ಜ್ಞಾನ ಸಂಪಾದನೆಗೆ ಬಂದವನು ಅಷ್ಟು ಹೇಳಿ ಕೂತವನೇ ತೂಕಡಿಸತೊಡಗಿದ್ದ. ಸಣ್ಣತಿಮ್ಮಯ್ಯ ಸೊಂಟದಲ್ಲಿ ನಿಲ್ಲದ ಹೊಸ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದುಕೊಂಡು ಎದ್ದ.

"ಬಸ್ಸು ನಿಲ್ಲಲಿ ಅಂತ ಸಾರ್."

ಅಟ್ಟದ ಮೇಲಿಂದ ಕಾಯಿ ಉರುಳಿಬಿಟ್ಟ ಹಾಗೆ ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಧಡಧಡನೆ ಉರುಳಿಕೊಂಡು ಹೋಯಿತು.

ಆದರೆ ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನ ಒಂಟಿಮರದಪಾಳ್ಯ ಹೊನ್ನವಳ್ಳಿಯಿಂದ ತಿಪಟೂರಿಗೆ ಬರುವ ದಾರಿಯಲ್ಲಿದೆ. ದಾರಿಯಲ್ಲಿದ್ದರೇನು, ಬೆಳಗಿನ ಹಸಿರು ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸಿನ ಸಾಹುಕಾರರು ಹೆಬ್ಬೆಟ್ಟು. ತಾವು ಓದಲಿಲ್ಲವಲ್ಲ ಎಂಬ ಕೊರಗಿನಲ್ಲಿ ಅವರು ಒಂದು ಕಟ್ಟಪ್ಪಣೆ ಮಾಡಿದ್ದರು: ಕಂಡಕಂಡಲ್ಲಿ ಬಸ್ಸು ನಿಲ್ಲಿಸಕೂಡದು, ಆದರೆ ಕಾಲೇಜು ಹುಡುಗ ಪುಸ್ತಕ ಹಿಡಿದು ನಿಂತಿದ್ದರೆ ಅದು ಬಯಲೇ ಆಗಲಿ, ಗುಡ್ಡವೇ ಆಗಲಿ, ನಿಲ್ಲಿಸಲೇಬೇಕು. ಈ ಸುದ್ದಿ ತಲುಪಿದ ದಿನವೇ ಒಂಟಿಮರದಪಾಳ್ಯಕ್ಕೆ ವಿದ್ಯೆಯ ಬೆಲೆ ಅರ್ಥವಾಯಿತು. ಊರಿನಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ಸಣ್ಣತಿಮ್ಮಯ್ಯ ಒಬ್ಬನೇ. ಅದೂ ಮೂರನೆಯ ಸಲಕ್ಕೆ ದಾಟಿ, ದಾಟಿದ್ದನ್ನು ತಾನೇ ನಂಬದೆ ತೋಟದಲ್ಲಿ ಕಾಯಿ ಸುಲಿಯುತ್ತ ಕೂತಿದ್ದ. ಅಲ್ಲಿಂದಲೇ ಅವನನ್ನು ಎಬ್ಬಿಸಿಕೊಂಡು ಹೋಗಿ ಕಾಲೇಜಿಗೆ ಸೇರಿಸಿದರು.

ಆ ದಿನ ಬೆಳಿಗ್ಗೆಯೂ ಎಂದಿನಂತೆ ಅವನೊಬ್ಬನೇ ರಸ್ತೆಗೆ ನಿಂತಿದ್ದ. ಉಳಿದವರು ಬೇಲಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

"ಮ್ಯಾಕೆತ್ತಲಾ ಪುಸ್ತಕವ! ಎದೆಮಟ್ಟ ಇಡ್ಕಂಡ್ರೆ ಡ್ರೈವರಿಗೆ ಕಾಣಲ್ಲ ಕಣ್ಲಾ," ಎಂದು ವೀಳ್ಯದೆಲೆ ವ್ಯಾಪಾರದ ಹುಚ್ಚರಂಗಯ್ಯ ಬೇಲಿಯೊಳಗಿಂದ ಪಿಸುಗುಟ್ಟಿದ.

ಬಸ್ಸು ನಿಂತಿತು. ನಿಂತದ್ದೇ ತಡ, ಬೇಲಿ ಒಡೆದು ಊರು ಹೊರಗೆ ಬಂತು: ಎಲೆಯ ಪಿಂಡಿಗಳು, ತಿಮ್ಮಕ್ಕನ ಮೊಸರಿನ ಗಡಿಗೆ, ಕೊಬ್ಬರಿ ಚೀಲ, ಕಾಲು ಕಟ್ಟಿದ ಎರಡು ಹುಂಜ.

"ದಿನಾ ಬತ್ತಾರಲ್ಲ, ಇವ್ರೆಲ್ಲ ಯಾರು?" ಎಂದ ಕಂಡಕ್ಟರ್ ಈರಣ್ಣ.

"ಹುಡುಗನ್ನ ಕಳ್ಸಿಕೊಡಾಕೆ ಬಂದವ್ರು ಕಣಣ್ಣ," ಎಂದಳು ತಿಮ್ಮಕ್ಕ, ಗಡಿಗೆಯನ್ನು ಒಳಗಿಡುತ್ತ.

"ತಿಪಟೂರಿನ ಗಂಟ ಕಳ್ಸಿಕೊಡ್ತೀರಾ?"

"ಏನ್ ಮಾಡಾದು, ಮುದ್ದಿನ ಹುಡುಗ."

ತರಗತಿಯಲ್ಲಿ ನಗು ಅಡಗಿದ ಮೇಲೆ ಸಣ್ಣತಿಮ್ಮಯ್ಯ ಇದನ್ನೆಲ್ಲ ಹೇಳಿದ. ಮೇಷ್ಟ್ರು ಮಾತ್ರ ನಗಲಿಲ್ಲ. ಕಿಟಕಿಗೆ ಒರಗಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಇವತ್ತು ಈ ರೂಮಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ನಿಜ ಇದು," ಎಂದರು. "ಆದರೆ ಇದು ನಿನ್ನ ಊರಿನ ಕಾರಣ ಕಣಯ್ಯ. ನಿನ್ನ ಕಾರಣ ಏನು? ನಾಳೆ ಬಂದು ಹೇಳು. ನಾನು ಕಾಯ್ತಿರ್ತೀನಿ."

ಸಣ್ಣತಿಮ್ಮಯ್ಯ ಮಧ್ಯಾಹ್ನವೆಲ್ಲ ತನ್ನೊಳಗೆ ಕಾರಣ ಹುಡುಕಿದ. ಕತ್ತಲೆಯ ಕೋಣೆಯಲ್ಲಿ ಬೆಂಕಿಪೊಟ್ಟಣಕ್ಕೆ ತಡಕಾಡಿದಂತಾಯಿತೇ ಹೊರತು ಏನೂ ಕೈಗೆ ಸಿಗಲಿಲ್ಲ. ಕಾರಣವೇ ಇಲ್ಲದವನು ನಾಳೆ ಯಾವ ಮುಖ ಹೊತ್ತು ಹೋಗುವುದು? ಸಂಜೆ ಬೇರೆ ಬಸ್ಸಿನಲ್ಲಿ ಬಂದು, ಕ್ರಾಸಿನಲ್ಲಿ ಇಳಿದು ಊರಿಗೆ ನಡೆದು ಬಂದವನು ಜಗುಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ದೊಡ್ಡರಂಗಯ್ಯನಿಗೆ, "ನಾಳೆಯಿಂದ ಕಾಲೇಜಿಗೆ ಹೋಗಕಿಲ್ಲ ಕಣಪ್ಪ," ಎಂದ.

ಅವನು ಕಾಲು ತೊಳೆದು ಬರುವಷ್ಟರಲ್ಲಿ ಅಂಗಳದ ತುಂಬ ಊರು ಸೇರಿತ್ತು.

"ಅಯ್ಯೋ ನನ್ನಪ್ಪ!" ತಿಮ್ಮಕ್ಕ ಅವನ ಗಲ್ಲ ಹಿಡಿದಳು. "ವಿದ್ಯೆ ಅಂದ್ರೆ ಸರಸೋತಿ ಕಣಪ್ಪ. ಯಾವತ್ತೂ ಬುಡಬ್ಯಾಡ. ಈ ಸಂತೆ ಕಳಿಯೋ ಗಂಟಾದ್ರೂ ಬುಡಬ್ಯಾಡ."

"ನೀನು ಓದಿ ಅಮಲ್ದಾರ ಆಗ್ಬೇಕು ಕಣ್ಲಾ," ಎಂದ ಹುಚ್ಚರಂಗಯ್ಯ. "ಅವಸರ ಏನಿಲ್ಲ. ವರ್ಸ ವರ್ಸ ಫೇಲಾಯ್ತಾ ಫೇಲಾಯ್ತಾ ನಿಧಾನಕ್ಕೆ ಆಗು. ನಾವ್ ಕಾಯ್ತೀವಿ."

"ಇಲ್ಲ ಮಾವ. ಹೋಗಕಿಲ್ಲ ಅಂದ್ರೆ ಹೋಗಕಿಲ್ಲ."

ಅವನ ದನಿ ಕೇಳಿ ಹುಚ್ಚರಂಗಯ್ಯನ ಮುಖ ಮೂರು ದಿನದ ಎಲೆಯಂತೆ ಬಾಡಿತು. ಅವನು ಸದ್ದಿಲ್ಲದೆ ಸೈಕಲ್ ಹತ್ತಿ ಹೊನ್ನವಳ್ಳಿಯ ಕಡೆಗೆ ಹೊರಟುಹೋದ. ಇತ್ತ ಉಳಿದವರು ಸಣ್ಣತಿಮ್ಮಯ್ಯನನ್ನು ಕೆದಕಿ ಕೆದಕಿ ಮೇಷ್ಟ್ರ ಪ್ರಶ್ನೆಯನ್ನು ಹೊರಗೆಳೆದರು.

"ಅಷ್ಟೇನಾ!" ಎಂದಳು ತಿಮ್ಮಕ್ಕ. "ಕಾರಣ ನಾವ್ ಕೊಡ್ತೀವಿ, ತಗಂಡೋಗು. ದೇಸಸೇವೆ ಅನ್ನು."

"ಅದನ್ನ ಬ್ಯಾರೆ ಹುಡುಗ ಹೇಳ್ಬುಟ್ಟವ್ನೆ."

"ಹಂಗಾರೆ ಅಪ್ಪನ ಹೆಸರು ಉಳ್ಸಾಕೆ ಅನ್ನು."

"ನನ್ನ ಹೆಸರಿಗೆ ಏನಾಗೈತೆ ಈಗ?" ಎಂದು ದೊಡ್ಡರಂಗಯ್ಯ ಬೀಡಿ ಎಸೆದು ಎದ್ದ. ಅದರ ಮೇಲೆ ಜಗಳ ಹತ್ತಿತು. ಅವನ ಹೆಸರಿಗೆ ಏನೇನಾಗಿದೆ ಎಂದು ಹಳೆಯದನ್ನೆಲ್ಲ ಎತ್ತಿ ಆಡಲು ನಾಲ್ಕು ಜನ ತಯಾರಾದರು.

"ಸುಮ್ಕಿರ್ರೀ ಎಲ್ಲಾರೂವೆ!"

ಸಣ್ಣತಿಮ್ಮಯ್ಯ ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ತಿರುಗಿ ನೋಡಿತು.

"ಹುಟ್ಟಿದಾಗ್ಲಿಂದ ನಂಗೆ ಎಲ್ರೂ ಹೇಳಿದ್ದೇ ಹೇಳಿದ್ದು. ಕಾಯಿ ಸುಲಿ ಅಂದ್ರಿ, ಸುಲ್ದೆ. ದನ ಕಟ್ಟು ಅಂದ್ರಿ, ಕಟ್ದೆ. ಕಾಲೇಜಿಗೆ ಹೋಗು ಅಂದ್ರಿ, ಹೋದೆ. ಯಾಕೆ ಅಂತ ನಂಗೆ ಒಬ್ರಾದ್ರೂ ಕೇಳಿದ್ರಾ? ಆವಯ್ಯ ಕೇಳಿದ್ರು! ಕ್ಲಾಸೆಲ್ಲ ನಗ್ತಾ ಇದ್ರೂ ಕಿಟಕಿ ತಾವ ನಿಂತ್ಕಂಡು ನನ್ ಮಾತು ಮುಗಿಯೋ ಗಂಟ ಕೇಳಿದ್ರು. ನಾನ್ ಏನ್ ಹೇಳ್ತೀನಿ ಅಂತ ಕಾಯೋರು ಈ ಭೂಮಿ ಮ್ಯಾಲೆ ಒಬ್ರು ಅವ್ರೆ ಅಂದ್ರೆ..."

ಅವನು ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು. ಹುಡುಕುತ್ತಿದ್ದುದು ಮಾತಿನ ನಡುವೆ ತಾನಾಗಿಯೇ ಬಂದು ನಾಲಗೆಯ ಮೇಲೆ ಕೂತಿತ್ತು.

"ಇದೇ ಕಣ್ರೀ ಕಾರಣ," ಎಂದ ಮೆಲ್ಲಗೆ. "ನಾಳೆ ಹೋಯ್ತೀನಿ."

ಊರು ಉಸಿರುಬಿಟ್ಟಿತು. ತಿಮ್ಮಕ್ಕ ಅವನ ದೃಷ್ಟಿ ತೆಗೆಯುತ್ತಿದ್ದಾಗ ಹುಚ್ಚರಂಗಯ್ಯ ಸೈಕಲ್ ಗಂಟೆ ಬಾರಿಸುತ್ತಲೇ ಅಂಗಳಕ್ಕೆ ನುಗ್ಗಿದ.

"ಗೆದ್ದೆ ಕಣ್ರಪ್ಪೋ! ಸಾವ್ಕಾರ್ರ ಮನೇಗೇ ಹೋಗಿದ್ದೆ. ಹುಡುಗ ಕಾಲೇಜ್ ಬುಟ್ಟ, ನಮ್ ಗತಿಯೇನು ಬುದ್ಧಿ ಅಂದೆ. ಈ ವಾರ ನಮ್ಮೂರಿಂದ ಎಷ್ಟು ಜನ ಹತ್ತವ್ರೆ ಅಂತ ಕಂಡಕ್ಟರ್ ಈರಣ್ಣನ್ನ ಕರೆಸಿ ಕೇಳಿದ್ರು. ಲೆಕ್ಕ ಕಿವಿಗೆ ಬಿದ್ದಿದ್ದೇ ತಡ, 'ಇವತ್ತಿಂದ ನಿಮ್ಮೂರಿಗೆ ಖಾಯಂ ಸ್ಟಾಪು' ಅಂದ್ಬುಟ್ರು! ಹುಡುಗ ಇದ್ರೂ ಸೈ, ಇಲ್ದಿದ್ರೂ ಸೈ!"

ಅಂಗಳದಲ್ಲಿ ಹಬ್ಬದ ಗದ್ದಲವೆದ್ದಿತು. ಅದು ತಣ್ಣಗಾಗುತ್ತಲೇ ಎಲ್ಲರೂ ಸಣ್ಣತಿಮ್ಮಯ್ಯನನ್ನು ಹೊಸ ಕಣ್ಣಿನಿಂದ ನೋಡಿದರು.

"ಬೋ ಓದಿ ಕಣ್ಣು ಹಾಳು ಮಾಡ್ಕಬ್ಯಾಡ ಕಣಪ್ಪ," ಎಂದಳು ತಿಮ್ಮಕ್ಕ.

"ಅಮಲ್ದಾರ್ರಿಗೂ ಸುಖ ಇಲ್ಲ ಬುಡು," ಎಂದ ಹುಚ್ಚರಂಗಯ್ಯ. "ನಿಂತಲ್ಲಿ ನಿಲ್ಲಾಕೆ ಬುಡಕಿಲ್ಲ, ವರ್ಗ ಮಾಡ್ತಾನೇ ಇರ್ತಾರೆ."

ಜನ ಕರಗಿದರು. ಜಗುಲಿಯಲ್ಲಿ ಅಪ್ಪ ಮಗ ಇಬ್ಬರೇ ಉಳಿದರು.

"ನಾಳೆ ಕಾಯಿ ಸುಲಿಯಾದೈತೆ," ಎಂದ ದೊಡ್ಡರಂಗಯ್ಯ.

"ನಾನು ಕಾಲೇಜಿಗೆ ಹೋಯ್ತೀನಿ ಕಣಪ್ಪ."

"ಬಸ್ಸು ನಿಲ್ತದಲ್ಲ, ಇನ್ ಯಾಕ್ಲಾ?"

ಸಣ್ಣತಿಮ್ಮಯ್ಯ ಹೇಳಿದ. ಅಂಗಳದಲ್ಲಿ ಕೂಗಿ ಹೇಳಿದ್ದನ್ನೇ ಈ ಸಲ ಮೆಲುದನಿಯಲ್ಲಿ, ಇನ್ನಷ್ಟು ಚೆನ್ನಾಗಿ ಹೇಳಿದ. ದೊಡ್ಡರಂಗಯ್ಯ ಟವೆಲ್ಲಿನಿಂದ ಮೂಗು ಒರೆಸಿಕೊಂಡ.

"ನಮ್ ವಂಶದಾಗೆ ಒಂದು 'ಯಾಕೆ'ಗೆ ಇಷ್ಟುದ್ದ ಜವಾಬು ಕೊಟ್ಟೋನು ನೀನೇ ಮೊದ್ಲು ಕಣ್ಲಾ. ಹೋಗು. ಕಾಯಿ ನಾನ್ ಸುಲೀತೀನಿ."

ಮಾರನೆಯ ಬೆಳಿಗ್ಗೆ ಸಣ್ಣತಿಮ್ಮಯ್ಯ ರಾಜನ ಹಾಗೆ ರಸ್ತೆಗೆ ಬಂದ. ಉತ್ತರ ಎದೆಯೊಳಗೆ ಬೆಚ್ಚಗಿತ್ತು. ಬೇಲಿಯ ಮರೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಲೆಯೆತ್ತಿ ರಸ್ತೆಯಲ್ಲೇ ನಿಂತಿದ್ದರು. ಖಾಯಂ ಸ್ಟಾಪಿನ ಸುದ್ದಿ ಕೇಳಿ ಅಕ್ಕಪಕ್ಕದ ಹಟ್ಟಿಗಳವರೂ ಮೂಟೆ ಮಕ್ಕಳ ಸಮೇತ ಬಂದಿದ್ದರು. ಬಸ್ಸು ಬಂತು, ನಿಂತಿತು. ನೂಕುನುಗ್ಗಲು ಮುಗಿಯಲಿ ಎಂದು ಅವನು ದೊಡ್ಡ ಮನುಷ್ಯನಂತೆ ಪಕ್ಕಕ್ಕೆ ಸರಿದು ನಿಂತ. ಅದು ಮುಗಿದಾಗ ಬಾಗಿಲಲ್ಲಿ ಈರಣ್ಣನ ತೋಳು ಅಡ್ಡ ಬಂದಿತ್ತು.

"ಜಾಗ ಇಲ್ಲ ಕಣಪ್ಪ."

"ನಾನು ಕಾಲೇಜ್ ಹುಡುಗ ಕಣಣ್ಣ!"

"ಅದು ಹಳೇ ರೂಲು. ಈಗ ಖಾಯಂ ಸ್ಟಾಪು. ಮೊದ್ಲು ಬಂದೋರಿಗೆ ಮೊದ್ಲು ಜಾಗ. ರೈಟ್!"

ಬಸ್ಸು ಹೊರಟಿತು. ಸಣ್ಣತಿಮ್ಮಯ್ಯ ಅದರ ಹಿಂದೆ ಓಡಿದ. ತಿಮ್ಮಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಮೇಷ್ಟ್ರಿಗೆ ಹೇಳಾದ ನಂಗೇಳು ಮಗಾ! ಮೊಸರು ಮಾರ್ಕಂಡು ಹಂಗೇ ಹೋಗಿ ಹೇಳ್ಬುಡ್ತೀನಿ!"

"ಅದನ್ನ ನಾನೇ ಹೇಳ್ಬೇಕು ಕಣಕ್ಕಾ..." ಎಂದು ಅವನು ಧೂಳಿನೊಳಗಿಂದ ಕೂಗಿದ. ಕಾಲು ಮಾತ್ರ ನಿಲ್ಲಿಸಲಿಲ್ಲ.

ಹೊನ್ನವಳ್ಳಿಯಲ್ಲಿ ಹತ್ತಿದ್ದ ಮುದುಕರೊಬ್ಬರು ಹಿಂದಕ್ಕೆ ತಿರುಗಿ ನೋಡಿದರು. "ಯಾರಪ್ಪ ಅವ್ನು?"

"ನಮ್ಮೂರ ಕಾಲೇಜ್ ಹುಡುಗ ಸ್ವಾಮಿ," ಎಂದ ಹುಚ್ಚರಂಗಯ್ಯ ಎಲೆಯ ಪಿಂಡಿಯ ಮೇಲೆ ಎದೆಯುಬ್ಬಿಸಿ ಕೂತು.

"ಚೆನ್ನಾಗಿ ಓದ್ತಾನಾ?"

"ಓದಾದು ನಮಗೇನ್ ಗೊತ್ತಾಯ್ತದೆ?" ಹುಚ್ಚರಂಗಯ್ಯ ಹೆಮ್ಮೆಯಿಂದ ಕಿಟಕಿಯಾಚೆ ಕೈ ತೋರಿಸಿದ. "ಓಡಾದ್ ನೋಡಿ!"