ಮೊದಲು ಇಳಿಯುವ ಅಳಿಯ

ಫ್ರಿಜ್ ಕೊಂಡವರಿಗೆಲ್ಲ ಅಂಗಡಿಯವರು ಒಂದು ಚೀಟಿ ಕೊಟ್ಟಿದ್ದರು. ಲಾಟರಿ ಎತ್ತಿದಾಗ ಚಿಕ್ಕಳಿಯನ ಚೀಟಿಯೇ ಬಂತು. ಬಹುಮಾನ, ವಿಮಾನದ ಫಸ್ಟ್ ಕ್ಲಾಸಿನಲ್ಲಿ ಒಬ್ಬರಿಗೆ ಪ್ರಯಾಣ. ಪುಟ್ಟ ಜೆಟ್ ವಿಮಾನ, ಮುಕ್ಕಾಲು ಗಂಟೆಯ ಹಾರಾಟ. ಹೋಗುವುದು ಎಲ್ಲಿಗೆ ಅಂತೀರಿ? ನೇರ ಮಾವನ ಊರಿಗೆ!

ಅವನಿಗೂ ಅಪ್ಪ ಅಮ್ಮ ಇಟ್ಟ ಒಂದು ಹೆಸರಿತ್ತು, ಅವನ ಕನ್ನಡಕದ ಅಂಗಡಿಯ ಬೋರ್ಡಿನ ಮೇಲೂ ಅದೇ ಇತ್ತು. ಆದರೆ ಮದುವೆಯಾದ ಮೇಲೆ ಅವನು ಎಲ್ಲರಿಗೂ ಚಿಕ್ಕಳಿಯನೇ. ಅದಕ್ಕೆ ಕಾರಣ ದೊಡ್ಡಳಿಯ, ಅಂದರೆ ಅವನ ಷಡ್ಡಕ. ಔಷಧ ಕಂಪನಿಯಲ್ಲಿ ಅಧಿಕಾರಿ, ಬಸ್ಸು ಹತ್ತಿದಷ್ಟು ಸಲೀಸಾಗಿ ವಿಮಾನ ಹತ್ತುವವನು. ಊಟಕ್ಕೆ ಕೂತಾಗ ಅವನು "ಮೋಡದ ಮೇಲಿಂದ ನೋಡಿದ್ರೆ ಇದೆಲ್ಲಾ ಬೆಂಕಿಪೊಟ್ಟಣದ ಥರ ಕಾಣತ್ತೆ ಮಾವ" ಎಂದು ಶುರುಮಾಡಿದರೆ ಮಾವ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಚಿಕ್ಕಳಿಯ ಕುಡಿಯಲು ನೀರು ಕೇಳಿದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಈಗ ಕಾಲ ಬಂದಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೊದಲೇ ಬಸ್ಸಿನಲ್ಲಿ ತವರಿಗೆ ಹೋಗಿದ್ದಳು. ಬೆಳಗ್ಗೆ ಎದ್ದವನೇ ಫೋನು ಮಾಡಿದ.

"ಲೇ, ಫಸ್ಟ್ ಕ್ಲಾಸಿನೋರನ್ನ ಮೊದಲು ಇಳಿಸ್ತಾರೆ. ಏರ್‌ಪೋರ್ಟಿನ ಗಾಜಿನ ಗೋಡೆ ಹತ್ರ ಎಲ್ಲರನ್ನೂ ನಿಲ್ಲಿಸಿರು. ಮೆಟ್ಟಿಲ ಮೇಲೆ ಮೊದಲು ಕಾಣೋದು ನಾನೇ. ಮಾವನ ಕೈಲೇ ಫೋಟೋ ತೆಗೆಸು."

"ಆಯ್ತು ರೀ, ಅಪ್ಪ ಆಗ್ಲೇ ಕನ್ನಡಕ ಒರೆಸ್ಕೊಂಡು ಕೂತಿದಾರೆ."

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನ ಬಾಯಿ ಎಲ್ಲಿ ಸುಮ್ಮನಿರುತ್ತದೆ! ಫಸ್ಟ್ ಕ್ಲಾಸಿನವರು ಎಷ್ಟು ಲಗೇಜು ಒಯ್ದರೂ ಕೇಳುವವರಿಲ್ಲ ಎಂದು ವಠಾರದ ತುಂಬ ಹೇಳಿಕೊಂಡು ಬಂದಿದ್ದ. ಮನೆ ಮಾಲೀಕಳು ಹೊಲಿಗೆ ಯಂತ್ರದ ಕಬ್ಬಿಣದ ತಲೆಯನ್ನು ಹೊರಿಸಿಕೊಂಡು ಬಂದಳು. "ಅದೇ ಊರಲ್ಲಿರೋ ನನ್ನ ಮಗಳಿಗೆ ತಲುಪಿಸಿಬಿಡಪ್ಪಾ. ಹೇಗೂ ನೀನೇನು ಹೊರೋದಿಲ್ಲ, ವಿಮಾನ ಹೊರತ್ತೆ." ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ತಮ್ಮ ತಮ್ಮನಿಗೆಂದು ದಪ್ಪ ನಿಘಂಟಿನ ಸಂಪುಟಗಳನ್ನು ಕಟ್ಟಿಕೊಟ್ಟರು. ಎದುರುಮನೆ ದಂತವೈದ್ಯರು ನಾದಿನಿಯ ತೋಟದಲ್ಲಿಡಲು ಒಂದು ಕಲ್ಲಿನ ಆಮೆ ತಂದರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇಡ ಎಂದರೆ ಫಸ್ಟ್ ಕ್ಲಾಸಿನ ಮರ್ಯಾದೆ ಏನಾಗಬೇಕು?

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಚೀಲಗಳನ್ನು ನೋಡಿ, "ಇವನ್ನ ಲಗೇಜಿಗೆ ಹಾಕಿಬಿಡಿ ಸರ್, ವಿಮಾನದ ಹಿಂದಿನ ಡಬ್ಬದಲ್ಲಿ ಹೋಗತ್ತೆ" ಎಂದಳು.

ಅವನು ಲೆಕ್ಕ ಹಾಕಿದ. ಲಗೇಜಿಗೆ ಹಾಕಿದರೆ ಇಳಿದ ಮೇಲೆ ಕಾಯಬೇಕು. ಮಾವನ ಮುಂದೆ ಠೀವಿಯಿಂದ ಹೊರಟವನು ಚೀಲಕ್ಕಾಗಿ ಬಾಯಿ ಬಿಟ್ಟುಕೊಂಡು ನಿಲ್ಲುವುದೇ?

"ಏ, ಇಲ್ಲಮ್ಮ. ಫಸ್ಟ್ ಕ್ಲಾಸು ನಾನು. ನನ್ನ ಜೊತೇಲೇ ಇರ್ಲಿ."

ಹುಡುಗಿ ಮೇಲಧಿಕಾರಿಯ ಮುಖ ನೋಡಿದಳು. ಮೇಲಧಿಕಾರಿ ಟಿಕೆಟ್ಟು ನೋಡಿ, ಹೋಗಲಿ ಬಿಡು ಎಂಬಂತೆ ಕೈ ಆಡಿಸಿದ. ಚಿಕ್ಕಳಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೊದಲ ಸಾಲಿನ ಒಂಟಿ ಸೀಟು! ಕಿಟಕಿಯೂ ತನ್ನದೇ, ಓಡಾಡುವ ದಾರಿಯೂ ತನ್ನದೇ. ಕೂತ ಕೂಡಲೇ ಗಗನಸಖಿ ಬಿಸಿ ಬಿಸಿ ಒದ್ದೆ ಟವೆಲ್ಲು ತಂದುಕೊಟ್ಟಳು. ಏನು ಮಾಡಬೇಕೆಂದು ತಿಳಿಯದೆ ದಾರಿಯಾಚೆ ಕೂತವರನ್ನು ಓರೆಗಣ್ಣಿನಲ್ಲಿ ನೋಡಿ ಅವರಂತೆಯೇ ಕೈ ಒರೆಸಿಕೊಂಡ, ಖುಷಿ ತಡೆಯಲಾರದೆ ಕುತ್ತಿಗೆಯನ್ನೂ ಒರೆಸಿಕೊಂಡ. ಆಮೇಲೆ ಗಾಜಿನ ಲೋಟದಲ್ಲಿ ಹಣ್ಣಿನ ರಸ ಬಂತು.

ಅಷ್ಟರಲ್ಲಿ ಏದುಸಿರು ಬಿಡುತ್ತ ಒಳಗೆ ಬಂದವನು ಯಾರು? ಸಾಕ್ಷಾತ್ ದೊಡ್ಡಳಿಯ! ಕಡ್ಡಿಯಂಥ ಆಳು, ಕೋಟು ಮೊಳೆಗೆ ನೇತುಹಾಕಿದಂತಿತ್ತು.

"ಅರೆ, ನೀವಿಲ್ಲಿ?"

"ಬನ್ನಿ ಭಾವ, ಬನ್ನಿ! ತಮ್ಮ ಸೀಟೆಲ್ಲಿ?"

"ಕೊನೇ ಗಳಿಗೆಯಲ್ಲಿ ಟಿಕೆಟ್ ಮಾಡಿಸ್ದೆ ಕಣಪ್ಪ. ಕಟ್ಟಕಡೇ ಸಾಲು, ಟಾಯ್ಲೆಟ್ ಪಕ್ಕ."

"ಅಯ್ಯೋ ಪಾಪ" ಎಂದ ಚಿಕ್ಕಳಿಯ. ಇಷ್ಟು ಸಂತೋಷದಿಂದ ಅವನು ಯಾರಿಗೂ ಮರುಗಿರಲಿಲ್ಲ. "ಇಳಿದ ಮೇಲೆ ಸಿಗೋಣ ಭಾವ. ನಾನು ಮೊದಲು ಇಳೀತೀನಿ, ನೀವು ನಿಧಾನವಾಗಿ ಬನ್ನಿ."

ಬಾಗಿಲು ಮುಚ್ಚಿತು. ಲೋಟವನ್ನು ತುಟಿಗೆ ತಂದಿದ್ದನಷ್ಟೆ, ಗಗನಸಖಿ ಮತ್ತೆ ಬಂದಳು.

"ಸರ್, ಈ ಚೀಲಗಳೆಲ್ಲ ನಿಮ್ಮದೇನಾ?"

"ಹೌದಮ್ಮ, ಎಲ್ಲಾ ನಂದೇ."

"ಸಣ್ಣ ವಿಮಾನ ಸರ್. ಮುಂದಿನ ಭಾಗ ಭಾರ ಆಗಿದೆ, ತೂಕ ಸರಿಹೋಗದೆ ಪೈಲಟ್ ಹೊರಡಲ್ಲ. ಇವನ್ನ ಹಿಂದಿನ ಡಬ್ಬಕ್ಕೆ ಹಾಕಿದ್ದಿದ್ರೆ ಏನೂ ತೊಂದ್ರೆ ಇರ್ತಿರಲಿಲ್ಲ. ಈಗ ಅದನ್ನ ಮುಚ್ಚಿಬಿಟ್ಟಿದಾರೆ. ದಯವಿಟ್ಟು ತಾವೂ, ಚೀಲಗಳೂ..."

"ನಾನೂ?"

ಗಗನಸಖಿ ಅವನ ಹೊಟ್ಟೆಯನ್ನು ಬಹಳ ಮರ್ಯಾದೆಯಿಂದ ನೋಡಿದಳು. "ಹಿಂದೆ ಸೀಟೆಲ್ಲ ತುಂಬಿದೆ ಸರ್. ಕೊನೇ ಸಾಲಿನಿಂದ ಹಗುರವಾಗಿರೋ ಒಬ್ಬರನ್ನ ಇಲ್ಲಿಗೆ ಕರೀತೀವಿ."

ಅವನು ವಾದ ಮಾಡಿದ, ಬೇಡಿಕೊಂಡ, ಕಲ್ಲಿನ ಆಮೆಯನ್ನಾದರೂ ಇಳಿಸಿ ಎಂದ. ಹಿಂದಿನಿಂದ ಜನ ಗೊಣಗತೊಡಗಿದರು. "ರೀ ಸ್ವಾಮಿ, ನಿಮ್ಮ ತೂಕಕ್ಕೆ ನಮಗೆ ಯಾಕ್ರೀ ಶಿಕ್ಷೆ? ಏಳ್ರೀ ಮೇಲೆ!" ಕೊನೆಗೆ ಪೈಲಟ್ಟೇ ಬಾಗಿಲಲ್ಲಿ ಇಣುಕಿದ. ಚಿಕ್ಕಳಿಯ ಎದ್ದ. ಆ ಕಿರಿದಾದ ದಾರಿಯ ನಡುವೆ, ಹೊಲಿಗೆ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡ ಅವನಿಗೂ ಮುಂದಕ್ಕೆ ಬರುತ್ತಿದ್ದ ದೊಡ್ಡಳಿಯನಿಗೂ ಮುಖಾಮುಖಿಯಾಯಿತು.

"ಇದೇನಪ್ಪಾ ಹೀಗಾಯ್ತು!" ಎಂದ ದೊಡ್ಡಳಿಯ, ನಿಜವಾಗಿಯೂ ಬೇಜಾರಿನಿಂದ.

ಕೊನೆಯ ಸಾಲಿನಲ್ಲಿ ಕಿಟಕಿಯೇ ಇರಲಿಲ್ಲ. ಎಂಜಿನ್ ಕಿವಿಯೊಳಗೇ ಕೂತಂತೆ ಮೊರೆಯುತ್ತಿತ್ತು. ಮುಂದೆ ಯಾರಿಗೋ ಪಿಂಗಾಣಿ ತಟ್ಟೆಗಳು ಹೋಗುವುದು ಕಂಡಿತು, ಅಷ್ಟರಲ್ಲಿ ಪರದೆ ಎಳೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನಿಗೆ ಅಳುವೇ ಬಂತು.

ವಿಮಾನ ಇಳಿಯಿತು. ಎಲ್ಲರೂ ಇಳಿದ ಮೇಲೆ, ಎರಡು ಭುಜಕ್ಕೂ ಚೀಲ ನೇತುಹಾಕಿಕೊಂಡು ಅವನು ಮೆಟ್ಟಿಲಿಳಿದ. ಹೊರಗೆ ಮಾವನ ಮನೆಯವರೆಲ್ಲ ದೊಡ್ಡಳಿಯನನ್ನು ಮುತ್ತಿಕೊಂಡಿದ್ದರು. ಮಾವ ಫೋನು ತೋರಿಸುತ್ತಿದ್ದರು. ಮೆಟ್ಟಿಲ ಮೇಲೆ ಮೊದಲು ಕಂಡ ಅಳಿಯನ ಫೋಟೋ ಸೊಗಸಾಗಿ ಬಂದಿತ್ತು.

ದೊಡ್ಡಳಿಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಮಾವ, ಒಂದು ಮಾತು. ಆ ಸೀಟು ನಂದಲ್ಲ, ಇವರದ್ದು. ಫಸ್ಟ್ ಕ್ಲಾಸಿನಲ್ಲಿ ಬರ್ಬೇಕಾಗಿದ್ದು ಇವರೇ. ತೂಕದ ತೊಂದ್ರೆಯಿಂದ ಅದಲುಬದಲಾಯ್ತು, ಅಷ್ಟೆ."

ಚಿಕ್ಕಳಿಯನ ಕಣ್ಣು ತುಂಬಿ ಬಂತು. ಇಂಥ ದೇವರಂಥ ಮನುಷ್ಯನನ್ನು ನೋಡಿ ಇಷ್ಟು ವರ್ಷ ಹೊಟ್ಟೆ ಉರಿದುಕೊಂಡೆನಲ್ಲ ಎಂದು ನಾಚಿಕೆಯಾಯಿತು. "ಹೌದು ಮಾವ, ಭಾವ ಹೇಳಿದ್ದು ನಿಜ!" ಎಂದ.

ಮಾವ ಒಮ್ಮೆ ಕೋಟಿನ ಅಳಿಯನನ್ನು, ಒಮ್ಮೆ ಚೀಲಗಳ ಅಳಿಯನನ್ನು ನೋಡಿದರು. ಆಮೇಲೆ ದೊಡ್ಡಳಿಯನ ಬೆನ್ನು ತಟ್ಟಿದರು.

"ನೋಡೇ" ಎಂದರು ಅತ್ತೆಯ ಕಡೆ ತಿರುಗಿ. "ಚಿಕ್ಕಳಿಯಂದಿರ ಮರ್ಯಾದೆ ಉಳಿಸೋಕೆ ಎಂಥ ಕತೆ ಕಟ್ಟಿದಾರೆ! ದೊಡ್ಡ ಮನಸ್ಸು ಅಂದ್ರೆ ಇದು!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಳಿಯ "ಅಲ್ಲ ಮಾವ, ನಿಜವಾಗ್ಲೂ" ಎಂದಷ್ಟೂ ಅವನ ಬೆಲೆ ಏರುತ್ತ ಹೋಯಿತು.

ಚಿಕ್ಕಳಿಯ ಹೆಂಡತಿಯ ಮುಖ ನೋಡಿದ. ಅವಳು ಹತ್ತಿರ ಬಂದು ಒಂದು ಚೀಲ ಇಸಿದುಕೊಂಡು, ಯಾರಿಗೂ ಕೇಳಿಸದಂತೆ ಮೆಲ್ಲಗೆ ಕೇಳಿದಳು.

"ರೀ, ನನ್ನ ಹತ್ರಾನಾದ್ರೂ ನಿಜ ಹೇಳಿ. ಆ ಲಾಟರಿ ಬಂದಿದ್ದು ಭಾವನಿಗಾ?"