ಬಾಯಿಲೆ ಓಡಿಸಿದ ಗಾಡಿ

ಹಳೆಯ ಮೋಟಾರ್ ಸೈಕಲ್ಲನ್ನೂ ಹಳೆಯ ನೆನಪನ್ನೂ ರಿಪೇರಿಗೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಬಿಟ್ಟರೆ ಎರಡೂ ಹೊಳೆಯುತ್ತಾ ಹೊರಗೆ ಬರುತ್ತವೆ, ಆದರೆ ಯಾವುದು ಮೂಲದ ಭಾಗ, ಯಾವುದು ಆಮೇಲೆ ಜೋಡಿಸಿದ್ದು ಎಂದು ಹೇಳಲು ಮಾಲೀಕನಿಗೂ ಬರುವುದಿಲ್ಲ. ಈ ಕತೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಒಂದೊಂದು ನಟ್ಟು ಬದಲಾಗಿದೆ. ಒಮ್ಮೆ ನಾನು ವೀರನಾಗಿದ್ದೆ, ಇನ್ನೊಮ್ಮೆ ಪಾಪದವನಾಗಿದ್ದೆ. ಇವತ್ತು ಎಲ್ಲ ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕುಳಿತಿದ್ದೇನೆ. ಕೈಗೆ ಎಣ್ಣೆ ಹತ್ತುತ್ತದೆ, ಹತ್ತಲಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನಿಪ್ಪಾಣಿಯ ಒಂದು ತಂಬಾಕಿನ ಗೋದಾಮಿನಲ್ಲಿ ಗುಮಾಸ್ತ. ದಿನವಿಡೀ ಸೀನುತ್ತಿದ್ದೆ, ಉಳಿದ ಸಮಯದಲ್ಲಿ ಅವ್ವನ ಮಾತು ಕೇಳುತ್ತಿದ್ದೆ. ಅವ್ವನ ಮಾತು ಒಂದೇ: ಶಾಂತಕ್ಕನನ್ನು ಪಂಚಮಿಗೆ ಕರೆದುಕೊಂಡು ಬಾ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಹೋಗಿಯೇ ಕರೆತರಬೇಕು. ತಾನಾಗಿ ಬಂದರೆ ಅದು ಬಂದದ್ದರ ಲೆಕ್ಕವಲ್ಲ. ಅಕ್ಕನನ್ನು ಕೊಟ್ಟದ್ದು ದಿಗ್ಗೇವಾಡಿಗೆ. ಆಕೆಯ ಮನೆ ಊರೊಳಗಲ್ಲ, ಹೊಳೆಯ ಕಡೆಗಿನ ತೋಟದಲ್ಲಿ. ಶ್ರಾವಣದಲ್ಲಿ ಆ ದಾರಿಯ ಕಪ್ಪು ಎರಿಮಣ್ಣು ಚಕ್ಕಡಿಯ ಗಾಲಿಯನ್ನು ನಡುವಿನ ಗುಂಬದವರೆಗೆ ನುಂಗುತ್ತಿತ್ತು. ನಡೆಯೋಣವೆಂದರೆ ಅಕ್ಕನಿಗೆ ದಮ್ಮು. ಹತ್ತು ಹೆಜ್ಜೆಗೊಮ್ಮೆ ನಿಂತು, ಬೆಳೆ ನೋಡುವವಳಂತೆ ನಟಿಸುತ್ತಿದ್ದಳು. ಹಿಂದಿನ ಎರಡು ವರ್ಷ ಅಕ್ಕ ಬಂದಿರಲಿಲ್ಲ. ಆಕೆಯ ಪಾಲಿನ ಶೇಂಗಾ ಉಂಡಿಗಳನ್ನು ಅವ್ವ ಡಬ್ಬಿಯಲ್ಲಿಟ್ಟು, ಇರುವೆ ಮುತ್ತಿದ ಮೇಲೆ ಚೆಲ್ಲುತ್ತಿದ್ದಳು.

ಅದಕ್ಕೇ ನಾನು ಆ ಗಾಡಿ ಕೊಂಡೆ. ಕೊಗನೊಳ್ಳಿಯ ಒಬ್ಬ ನಿವೃತ್ತ ಸೈನಿಕರು ಅದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದಿದ್ದರು. ಕುದುರೆಯಷ್ಟು ಎತ್ತರ, ಟಾಯರಿನ ತುಂಬ ಬೆರಳುದ್ದದ ಗುಬುಟುಗಳು, ಮಡ್‌ಗಾರ್ಡು ಹಣೆಯ ಮೇಲೆ ಕೈಯಿಟ್ಟುಕೊಂಡಂತೆ ಮೇಲೆ. "ಹಿಮದಾಗ ಓಡೇತ್ರಿ ಇದು. ನಿಮ್ಮ ಕೆಸರ ರಾಡ್ಯಾಗ ಓಡೂದಿಲ್ಲೇನು? ಬಿನಧಾಸ್ತ ತಗೋರಿ" ಎಂದರು. ಓಡಿಸಿ ತೋರಿಸಿರಿ ಎಂದಾಗ ಮಾತ್ರ ಚಹಾ ತರಿಸಿದರು. ಅದನ್ನು ಟ್ರಾಕ್ಟರಿನ ಟ್ರೇಲರಿಗೆ ಹಾಕಿಕೊಂಡು ಮನೆಗೆ ತಂದೆ. ಅವ್ವ ಸುತ್ತು ಹಾಕಿ ನೋಡಿದಳು.

"ಒಬ್ಬಾಂವ ಕುಂದ್ರೂ ಕುರ್ಚಿ ಐತಲ್ಲೋ ಇದಕ್ಕ. ಅಕ್ಕನ್ನ ಏನ್ ತಲಿ ಮ್ಯಾಲ ಹೊತ್ಕೊಂಡ ಬರ್ತಿ?"

ನಿಜ. ಹಿಂದಿನ ಸೀಟೇ ಇರಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ.

ಹೀಗೆ ಗಾಡಿ ದಸ್ತಗೀರ ಮಿಸ್ತ್ರಿಯ ಅಂಗಳ ಸೇರಿತು. ದಸ್ತಗೀರ ಒಳ್ಳೆಯ ಮನುಷ್ಯ, ಆದರೆ ನೀರೆತ್ತುವ ಎಂಜಿನ್ನುಗಳ ಡಾಕ್ಟರ್. ಮೋಟಾರ್ ಸೈಕಲ್ಲು ಅವನಿಗೆ ಹೊಸ ರೋಗಿ. "ಎಂಜಿನ್ ಅಂದ್ರ ಎಂಜಿನ್ನರಿ ಸಾಹೇಬ್ರ, ಭಾಂವ್ಯಾಗ ಇದ್ರೇನು, ಹಾದ್ಯಾಗ ಇದ್ರೇನು?" ಎನ್ನುತ್ತಾ ಧೈರ್ಯದಿಂದ ಕೊಯ್ದ. ಬಾವಿಯ ಪಂಪಿನ ಕೊಳವೆ ಸೈಲೆನ್ಸರ್ ಆಯಿತು. ಸೀಟಿಗೆಂದು ಕಬ್ಬಿಣದ ಚೌಕಟ್ಟು ಬೆಸೆದ, ಅದರ ಮೇಲೆ ಅವ್ವ ಹಳೆಯ ಸೀರೆಗಳ ಕೌದಿ ಹೊಲಿದು ಕಟ್ಟಿದಳು. ಗಾಡಿ ಒಮ್ಮೆ ಸಿಡಿದು ಎದ್ದಾಗ ಓಣಿಯ ನಾಯಿಗಳೆಲ್ಲ ಓಡಿದವು. "ನೋಡ್ರಿ!" ಎಂದ ದಸ್ತಗೀರ. ನೋಡುವಷ್ಟರಲ್ಲಿ ನಿಂತಿತ್ತು. ಪಂಚಮಿಯ ಹಿಂದಿನ ದಿನ ಕಿಕ್ ಹೊಡೆದು ಹೊಡೆದು ನನ್ನ ಮೊಣಕಾಲು ಊದಿತೇ ಹೊರತು ಗಾಡಿ ಕೆಮ್ಮಲೂ ಇಲ್ಲ.

ಈ ಸಲ ಗಾಡಿ ತಂದು ಕರೆದೊಯ್ಯುತ್ತೇನೆಂದು ಅಕ್ಕನಿಗೆ ಮೊದಲೇ ಹೇಳಿ ಕಳಿಸಿದ್ದೆ. ಆಕೆ ಕಾಯಬಾರದೆಂದು ಅಂಚೆ ಕಚೇರಿಗೆ ಹೋಗಿ ದಿಗ್ಗೇವಾಡಿಯ ಸೊಸೈಟಿಗೆ ಟ್ರಂಕಾಲ್ ಮಾಡಿದೆ. ಫೋನೆತ್ತಿದವರು ಅಲ್ಲಿನ ಸೆಕ್ರೆಟರಿ ಅಣ್ಣಾಸಾಹೇಬರು.

"ಅಣ್ಣಾಸಾಹೇಬ್ರ, ಗಾಡಿ ಬಂದ್ ಐತಿ! ಶಾಂತಕ್ಕಗ ತಿಳಸ್ರಿ!" ಎಂದು ಕೂಗಿದೆ.

"ಭಾಳ ಚಲೋ ಆತ್ ನೋಡ್ರಿ! ಈಗ ಹೇಳಿ ಕಳಸ್ತೀನಿ!"

ಲೈನು ಕಡಿಯಿತು. ನನ್ನ ಗಾಡಿ ಕೆಟ್ಟರೆ ಇವರಿಗೇನು ಇಷ್ಟು ಚಲೋ ಎಂದು ಸಿಟ್ಟು ಬಂತು. ಹಬ್ಬವನ್ನೆಲ್ಲ ಆ ಸಿಟ್ಟಿನಲ್ಲೇ ಕಳೆದೆ. ಉಂಡಿ ತಿನ್ನುತ್ತಲೂ ಅಣ್ಣಾಸಾಹೇಬರನ್ನು ಬೈದೆ.

ನಮ್ಮದು ಗಡಿಯ ನಾಡು. ಮರಾಠಿಯಿಂದ 'ಬಂದ್' ಎಂಬುದನ್ನು ಎರವಲು ತಂದು ಕನ್ನಡದ 'ಐತಿ'ಗೆ ಕಟ್ಟಿ ಮಾತಾಡುತ್ತೇವೆ. ಗಾಡಿ ಬಂದ್ ಐತಿ, ಅಂದರೆ ಕೆಟ್ಟು ನಿಂತಿದೆ. ಗಾಡಿ ಬಂದೈತಿ, ಅಂದರೆ ಬಂದಿದೆ. ನಾಲಗೆಗೆ ಎರಡೂ ಒಂದೇ. ಬೆಂಗಳೂರಿನವನಾಗಿದ್ದರೆ 'ಕೆಟ್ಟೋಗಿದೆ' ಎನ್ನುತ್ತಿದ್ದೆ, ಪುಣೆಯವನಾಗಿದ್ದರೆ ಪೂರ್ತಿ ಮರಾಠಿಯಲ್ಲೇ ಹೇಳುತ್ತಿದ್ದೆ. ಎರಡು ಕಡೆಯೂ ಬಚಾವು. ನಾನು ನಿಪ್ಪಾಣಿಯವನು.

ಹಬ್ಬ ಮುಗಿದು ವಾರದ ಮೇಲೆ, ಯಾವ ಕಾರಣವೂ ಇಲ್ಲದೆ, ಗಾಡಿ ಮೊದಲ ಕಿಕ್ಕಿಗೇ ಎದ್ದಿತು. ಗೋದಾಮಿಗೆ ಹೇಳದೆಯೇ ಹೊರಟೆ. ಚಿಕ್ಕೋಡಿ, ರಾಯಬಾಗ ದಾಟಿ ಆ ಎರಿಮಣ್ಣಿಗೆ ಇಳಿದಾಗ, ಸೈನಿಕರು ಹೇಳಿದ್ದು ಸುಳ್ಳಲ್ಲ, ಅದು ಎಮ್ಮೆಯಂತೆ ಸುಖವಾಗಿ ಕೆಸರು ಈಜಿತು. ಅಕ್ಕನ ಅಂಗಳದಲ್ಲಿ ನಿಲ್ಲಿಸಿದೆ.

"ಬರ್ರಿ ಬರ್ರಿ ಬೀಗರ," ಎಂದಳು ಅಕ್ಕನ ಅತ್ತೆ. "ಗಾಡಿ ಬಂದೈತಿ ಅಂತ ಕೇಳಿ ನಿಮ್ಮಕ್ಕ ಹಬ್ಬದ ದಿನ ಮುಂಜಾನಿಂದ ಇಳಕಲ್ ಸೀರಿ ಉಟ್ಕೊಂಡ ಕಟ್ಟಿ ಮ್ಯಾಲ ಕುಂತಿದ್ಳು. ಮಳಿ ಹನಿಯಾಕತ್ರೂ ಒಳಗ ಬರ್ಲಿಲ್ಲ. ನಾಕ ದಿನಾ ಜ್ವರ."

ಕಟ್ಟೆಯ ಮೇಲೆ ಕುಳಿತ ಅಕ್ಕ, ಸೀರೆಯ ಕೆಂಪು ಸೆರಗು, ಮಳೆ: ಇದೆಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಾನು ಅಲ್ಲಿರಲೇ ಇಲ್ಲ. ನಾನು ಆಗ ಉಂಡಿ ತಿನ್ನುತ್ತಿದ್ದೆ. ನನ್ನ ನೆನಪಿನ ಬಗ್ಗೆ ನನಗೇಕೆ ನಂಬಿಕೆಯಿಲ್ಲ ಎಂಬುದು ಈಗ ಗೊತ್ತಾಗಿರಬೇಕು.

ಅಕ್ಕ ಒಳಗಿನಿಂದ ಗೋಡೆ ಹಿಡಿದು ಬಂದಳು. ರಾಯಬಾಗದ ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಆಕೆ ನನ್ನನ್ನು ಬೈಯಲಿಲ್ಲ. ಕೌದಿಯ ಮೇಲೆ ಕೈಯಾಡಿಸಿ, "ಅವ್ವನ ಹಸರ ಸೀರಿ ಅಲ್ಲೇನೋ ಇದು?" ಎಂದಳು. "ಹತ್ತಸಪಾ ನನ್ನ. ಇಲ್ಲೇ ಅಂಗಳದಾಗ ಕುಂದರ್ತೀನಿ."

ಎತ್ತಿ ಕೂರಿಸಿದೆ. ಹಗುರಾಗಿದ್ದಳು. ಮುಂದೆ ಕುಳಿತು ಕಿಕ್ ಹೊಡೆದೆ. ಗಾಡಿ ಏಳಲಿಲ್ಲ. ಎದ್ದಿತು, ಅಂಗಳದಲ್ಲಿ ಒಂದು ಸುತ್ತು ಹಾಕಿಸಿದೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇಲ್ಲ, ಏಳಲಿಲ್ಲ.

"ಇರ್ಲಿ ಬಿಡೋ," ಎಂದು ಅಕ್ಕ ನನ್ನ ಭುಜ ಹಿಡಿದಳು. "ಬಾಯಿಲೆ ಮಾಡು."

ಮೀಸೆ ಬಂದ ಗುಮಾಸ್ತ ನಾನು, ಬೀಗರ ಮನೆಯ ಅಂಗಳದಲ್ಲಿ, ನಿಂತ ಗಾಡಿಯ ಮೇಲೆ ಕುಳಿತು ಡುಗುಡುಗು ಎನ್ನತೊಡಗಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗಲೋ ಮತ್ತೇನಕ್ಕೋ. ಅಕ್ಕ ಹಿಂದಿನಿಂದ ಊರು ಹೇಳುತ್ತಿದ್ದಳು. "ರಾಯಬಾಗ ಬಂತು. ಸಾವಕಾಶ ಹೊಡಿ, ಸಂತಿ ಐತಿ." ನಾನು ಗೇರು ಇಳಿಸಿದೆ. "ಹೂಂ, ಜೋರ ಹೊಡಿ ಈಗ." ಏರಿಸಿದೆ. "ಚಿಕ್ಕೋಡಿ ಬಂತ ನೋಡು." ಅಲ್ಲಿ ಆಕೆಯ ಉಸಿರು ಕಟ್ಟಿತು. ಭುಜದ ಮೇಲಿನ ಬೆರಳುಗಳು ಬಿಗಿದವು. ಡುಗುಡುಗು ನಿಲ್ಲಿಸಿದೆ. "ಸಾಕಪಾ," ಎಂದಳು ಉಸಿರು ತಿರುಗಿದ ಮೇಲೆ, "ಇಲ್ಲೇ ಇಳಸು."

ದೀಪಾವಳಿಯ ಹೊತ್ತಿಗೆ ಅಕ್ಕ ಇರಲಿಲ್ಲ. ಗಾಡಿ ಆಮೇಲೆ ಒಮ್ಮೆಯೂ ಕೈಕೊಡದೆ ಓಡಿತು. ಅದರ ಗುಣವನ್ನು ಹೊಗಳುವ ಮನಸ್ಸು ನನಗಿಲ್ಲ.

ಅಕ್ಕನ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು.

"ಅವತ್ತ ಅಂಗಳದಾಗ ಆಟಾ ಆಡಿದ್ರಲ್ಲ, ಎಲ್ಲೀತನಾ ಬಂದಿದ್ಳೋ ಅಕಿ?"

"ಚಿಕ್ಕೋಡೀತನಾ."

ಅವ್ವ ಮೊರ ಕೆಳಗಿಟ್ಟಳು. "ಅಷ್ಟ ದೂರ ಬಂದಾಕಿನ್ನ ಮನೀ ಮುಟ್ಟಸಾಕ ಆಗಲಿಲ್ಲೇನೋ ನಿನಗ?"

"ಬಾಯಿ ಒಣಗಿತ್ತವ್ವಾ," ಎಂದೆ.